ಮಳೆ, ಮಂಜು, ಮರದ ನೆರಳು: ನಮ್ಮ ಅಂಗಳದ ಸೋಲಾರ್ ಲೈಟುಗಳು

ನನ್ನ ತಂಗಿ ಇರುವುದು ಕೊಡಗಿನ ಕುಶಾಲನಗರದಲ್ಲಿ. ಅವಳ ಅಂಗಳದಲ್ಲೂ ನಮ್ಮ ಅಂಗಳದಲ್ಲೂ ಒಂದೇ ಮಾದರಿಯ ಸೋಲಾರ್ ಲೈಟುಗಳಿವೆ. ಜೊತೆಗೇ ತರಿಸಿದ್ದು. ಅಲ್ಲಿ ಬೆಳಗಿನ ಜಾವದವರೆಗೂ ಉರಿಯುತ್ತವೆ. ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯ ಚೇರಂಬಾಣೆ ಕಡೆಯ ನಮ್ಮ ಮನೆಯಲ್ಲಿ ಮಳೆಗಾಲ ಬಂತೆಂದರೆ ರಾತ್ರಿ ಊಟಕ್ಕೆ ಕೂರುವಷ್ಟರಲ್ಲಿ ಮಂಕಾಗುತ್ತವೆ. ಲೈಟು ಕೆಟ್ಟಿಲ್ಲ, ಬಿಸಿಲು ಸಿಗುತ್ತಿಲ್ಲ, ಅಷ್ಟೇ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಭಾಗಮಂಡಲದ ಕಡೆ ಹೋದರೆ ಇನ್ನೂ ಹೆಚ್ಚು. ಸಾಲದ್ದಕ್ಕೆ ಮನೆ ಸುತ್ತ ತೋಟ. ಸಿಲ್ವರ್ ಓಕ್, ಹಲಸು, ಹಾಲುವಾಣದ ನೆರಳು.

ಹಾಗಾಗಿ ನಮ್ಮ ಕಡೆಯವರು ಯಾರಾದರೂ ಯಾವ ಲೈಟು ತೆಗೆದುಕೊಳ್ಳಲಿ ಎಂದು ಕೇಳಿದರೆ ನಾನು ಮೊದಲು ಕೇಳುವುದು, ಪ್ಯಾನೆಲ್ ಎಲ್ಲಿ ಇಡ್ತೀರಿ ಅಂತ. ದೀಪದ ಚಂದ ಆಮೇಲೆ ನೋಡೋಣ.

ನೆಲಕ್ಕೆ ಚುಚ್ಚುವ ಲೈಟಿನಲ್ಲಿ ಪ್ಯಾನೆಲ್ ತಲೆಯ ಮೇಲೇ ಕೂತಿರುತ್ತದೆ. ಬೆಳಕು ಎಲ್ಲಿ ಬೇಕೋ ಬಿಸಿಲೂ ಅಲ್ಲೇ ಬೀಳಬೇಕು. ನಮ್ಮ ಮೆಟ್ಟಿಲ ಪಕ್ಕ ಇರುವುದು ಆಂಥೂರಿಯಂ, ಜರೀಗಿಡ. ಎರಡೂ ನೆರಳಿನ ಗಿಡಗಳು. ಅಲ್ಲಿ ಲೈಟು ಚುಚ್ಚಿದರೆ ಅದಕ್ಕೂ ನೆರಳೇ ಗತಿ. ಅದಕ್ಕೇ ಮೆಟ್ಟಿಲಿಗೂ ಕಾರ್ ಶೆಡ್ಡಿಗೂ ಪ್ಯಾನೆಲ್ ಬೇರೆ, ದೀಪ ಬೇರೆ ಇರುವ ಮಾದರಿ ಹಾಕಿದ್ದೇನೆ. ಪ್ಯಾನೆಲ್ ಶೆಡ್ಡಿನ ಶೀಟಿನ ಮೇಲೆ, ದೀಪ ಕೆಳಗೆ. ನಡುವೆ ಸುಮಾರು 5 ಮೀಟರ್ ವೈರು. ಇದು ಜೊತೆಗೇ ಬರುತ್ತದೆ. ಸಾಲದಿದ್ದರೆ ಕಡ್ಡಿಯಷ್ಟು ಸಣ್ಣ ವೈರು ಸೇರಿಸಬೇಡಿ, ಕರೆಂಟು ದಾರಿಯಲ್ಲೇ ಸೋರಿಹೋಗುತ್ತದೆ. ಸ್ವಲ್ಪ ದಪ್ಪದ್ದು ಹಾಕಿ, ಪಿವಿಸಿ ಪೈಪಿನೊಳಗೆ ಎಳೆಯಿರಿ. ಇಲ್ಲದಿದ್ದರೆ ಇಲಿ, ಅಳಿಲು ಬಿಡುವುದಿಲ್ಲ.

ಪ್ಯಾನೆಲನ್ನು ದಕ್ಷಿಣಕ್ಕೆ 15 ಡಿಗ್ರಿಯಷ್ಟು ವಾಲಿಸಿದ್ದೇವೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ಸರಿಯುವುದರಿಂದ ಆಗ ಆ ದಿಕ್ಕಿನ ಮರಗಳ ನೆರಳು ಉದ್ದಕ್ಕೆ ಬೀಳುತ್ತದೆ. ಜೂನಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ತುಸು ಉತ್ತರಕ್ಕೇ ಇರುತ್ತಾನೆ, ಆದರೆ ಅವನ ಮುಖ ನೋಡುವವರು ಯಾರು! ವಾಲಿಸಿದರೆ ಇನ್ನೊಂದು ಲಾಭ ಇದೆ. ನೀರು ಹರಿದುಹೋಗುತ್ತದೆ, ಎಲೆ ನಿಲ್ಲುವುದಿಲ್ಲ. ಇದು ಸಣ್ಣ ವಿಷಯ ಅಲ್ಲ. ಪ್ಯಾನೆಲಿನ ಬಿಲ್ಲೆಗಳು ಒಂದಕ್ಕೊಂದು ಸರಪಳಿಯಂತೆ ಸೇರಿರುತ್ತವೆ. ಒಂದರ ಮೇಲೆ ಒದ್ದೆ ಎಲೆ ಅಂಟಿಕೊಂಡರೂ ಇಡೀ ಪ್ಯಾನೆಲಿನ ಕರೆಂಟು ಇಳಿಯುತ್ತದೆ. ತೋಟದಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ ಮಾಡಿಸುವಾಗ ಶೆಡ್ಡಿನ ಮೇಲೆ ಬಾಗಿದ ಕೊಂಬೆಗಳನ್ನೂ ತೆಗೆಸುತ್ತೇನೆ. ಕೂಲಿ ಹೇಗೂ ಕೊಡಬೇಕು.

ಅಂಗಡಿಯಲ್ಲಿ ವ್ಯಾಟ್ ನೋಡಿ ಮರುಳಾಗುವವರು ಬಹಳ ಜನ. "ಮೇಡಂ, ಇದು 200 ವ್ಯಾಟ್" ಎಂದು ಒಬ್ಬರು ತೋರಿಸಿದ ಲೈಟಿನ ಪ್ಯಾನೆಲ್ ನನ್ನ ಎರಡು ಅಂಗೈಯಷ್ಟಿತ್ತು. ಅಷ್ಟರಿಂದ 200 ವ್ಯಾಟ್ ಬರುವುದು ಸಾಧ್ಯವೇ ಇಲ್ಲ. ಸುಮ್ನೆ ಡಬ್ಬದ ಮೇಲೆ ಅಚ್ಚು ಹಾಕಿರುತ್ತಾರೆ. ಬೆಳಕು ಎಷ್ಟು ಲ್ಯೂಮೆನ್, ಪ್ಯಾನೆಲ್ ಎಷ್ಟು ವ್ಯಾಟ್, ಬ್ಯಾಟರಿ ಎಷ್ಟು ಎಂದು ಕೇಳಿ. ನಾನು ಹಾಕುವ ಲೆಕ್ಕ ಸರಳ. 2 ವ್ಯಾಟಿನ ಪ್ಯಾನೆಲ್ ಒಳ್ಳೆಯ ಬೇಸಿಗೆಯ ದಿನ 5 ಗಂಟೆಯ ಪೂರ್ತಿ ಬಿಸಿಲಿಗೆ ಸಮನಾದಷ್ಟು ಪಡೆಯಿತು ಅನ್ನಿ, 10 ವ್ಯಾಟ್-ಅವರ್ ಆಯಿತು. ಅಲ್ಲಿ ಇಲ್ಲಿ ನಷ್ಟ ಕಳೆದರೆ 7 ಉಳಿಯಬಹುದು. 1 ವ್ಯಾಟಿನ ದೀಪ 7 ಗಂಟೆ ಉರಿಯುತ್ತದೆ. ಕಪ್ಪು ಮೋಡದ ದಿನ ಅದರ ಐದನೇ ಒಂದು ಪಾಲು ಸಿಕ್ಕರೂ ಪುಣ್ಯ. ಅಂದರೆ ಒಂದೂವರೆ ಗಂಟೆಗೂ ಕಡಿಮೆ. ಅದರ ಮೇಲೆ ಮಂಜು ಮುಸುಕಿದರೆ ಕತ್ತಲಾಯಿತು ಎಂದುಕೊಂಡು ಸಂಜೆಗೆ ಮೊದಲೇ ದೀಪ ಹತ್ತಿಕೊಂಡುಬಿಡುತ್ತದೆ!

ಇದಕ್ಕೆ ನಾನು ಕಂಡುಕೊಂಡ ದಾರಿ, ಯಾರಾದರೂ ಹತ್ತಿರ ಬಂದಾಗ ಮಾತ್ರ ಜೋರಾಗಿ ಹತ್ತುವ ಸೆನ್ಸರ್ ಲೈಟು. ಉಳಿದ ಹೊತ್ತು ಮಂದವಾಗಿ ಇರುತ್ತದೆ, ಇಲ್ಲವೇ ಪೂರ್ತಿ ಆರಿರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದ ರಾತ್ರಿ, ಕೊಟ್ಟಿಗೆಗೆ ಹೋಗುವಾಗ ಮೆಟ್ಟಿಲ ಮೇಲೆ ಹಾವಿದೆಯಾ ನೋಡಲು ಅರ್ಧ ನಿಮಿಷದ ಬೆಳಕು ಸಾಕು. ಸೆನ್ಸರ್ ಗುರುತಿಸುವುದು ಮೈಯ ಬಿಸಿ ಓಡಾಡುವುದನ್ನು. ಹಾಗಾಗಿ ನಾಯಿ ಬಂದರೂ ಹತ್ತುತ್ತದೆ, ಹಾವು ಬಂದರೆ ಹತ್ತುವುದಿಲ್ಲ. ಹಾವನ್ನು ನೀವೇ ನೋಡಿಕೊಳ್ಳಬೇಕು.

ಲೈಟು ನೀರು, ದೂಳನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಐಪಿ ನಂಬರಿನ ಬಗ್ಗೆ ಒಂದು ಮಾತು. ಐಪಿ44 ಎಂದರೆ ನೀರು ಸಿಡಿದರೆ ತಡೆಯುತ್ತದೆ ಅಷ್ಟೇ. ನಮ್ಮ ಮಳೆಗೆ ಐಪಿ65 ಇರಲೇಬೇಕು. ಪೈಪಿನಿಂದ ನೀರು ಹೊಡೆದರೂ ಒಳಗೆ ಹೋಗಬಾರದು ಎಂಬ ಲೆಕ್ಕ ಅದು. ಆದರೆ ಆ ನಂಬರು ಹೊಸ ಲೈಟಿಗೆ. ಎರಡು ಬೇಸಿಗೆ ಕಳೆದ ರಬ್ಬರ್ ವಾಷರ್ ಬಿರುಕು ಬಿಡುತ್ತದೆ, ಆಮೇಲೆ ಯಾವ ನಂಬರೂ ಕಾಯುವುದಿಲ್ಲ. ಮೇ ತಿಂಗಳಲ್ಲಿ ವೈರು ಒಳಹೋಗುವ ಜಾಗಕ್ಕೆಲ್ಲ ಸಿಲಿಕೋನ್ ಹಚ್ಚುತ್ತೇನೆ. ಲೈಟಿನ ತಳದಲ್ಲಿರುವ ಸಣ್ಣ ತೂತು ಮಾತ್ರ ಮುಚ್ಚುವುದಿಲ್ಲ. ಅದು ಒಳಗಿನ ತೇವ ಹೊರಗೆ ಹೋಗಲು ಬಿಟ್ಟದ್ದು.

ಅಗ್ಗದ ಚುಚ್ಚುವ ಲೈಟುಗಳೂ ಕೆಲವು ಇವೆ. ಹೈಡ್ರೇಂಜಿಯಾ ಸಾಲಿಗೆ ಅವು ಚಂದ ಕಾಣುತ್ತವೆ, ಬೇಡ ಅನ್ನುವುದು ಹೇಗೆ? ಅವನ್ನು ಕಕ್ಕಡಕ್ಕೆ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ನಮ್ಮ ಜೋರು ಮಳೆಯ ತಿಂಗಳು) ಮೊದಲೇ ಒಳಗೆ ತಂದುಬಿಡುತ್ತೇನೆ. ಸೆಲ್ಲು ತೆಗೆದು, ಒರೆಸಿ, ಒಲೆಯ ಮೇಲಿನ ಅಟ್ಟದಲ್ಲಿ ಇಡುವುದು. ಅಲ್ಲಿ ಬೂಷ್ಟು ಹಿಡಿಯುವುದಿಲ್ಲ. ಸೆಲ್ಲುಗಳು ಮಾತ್ರ ಬೇರೆ ಕಡೆ, ಬಿಸಿ ತಾಗದ ಡಬ್ಬಿಯಲ್ಲಿ.

ಸೆಪ್ಟೆಂಬರ್ ಮೊದಲಿಗೆ ಬರುವ ಕೊಡವರ ಹಬ್ಬ ಕೈಲ್ ಪೊಳ್ದ್ ಹೊತ್ತಿಗೆ ಮಳೆ ಸ್ವಲ್ಪ ಬಿಡುವು ಕೊಡುತ್ತದೆ, ಆಗ ಎಲ್ಲ ಲೈಟುಗಳ ತಪಾಸಣೆ. ಹೋದ ವರ್ಷ ಗೇಟಿನ ಲೈಟು ಹತ್ತಲಿಲ್ಲ. ಅಂಗಳದ ಕೆಲಸಕ್ಕೆ ಬರುವ ಹುಡುಗಿ ಸ್ಕ್ರೂ ತೆಗೆದವಳೇ "ಅಕ್ಕಾ, ಇದ್ರೊಳಗೆ ಇರುವೆ ಸಂಸಾರ ಹೂಡಿದೆ" ಎಂದು ಕೈ ಕೊಡವಿದಳು. ಹಸಿ ಮಣ್ಣು, ಅದರ ನಡುವೆ ಅಕ್ಕಿ ನುಚ್ಚಿನ ಹಾಗೆ ಬಿಳಿ ಮೊಟ್ಟೆಗಳು. ಮಣ್ಣು ತೇವ ಹಿಡಿದಿಟ್ಟು ಸೆಲ್ಲಿನ ಸ್ಪ್ರಿಂಗಿಗೆ ಹಸಿರು ಕಿಲುಬು ಹತ್ತಿತ್ತು. ಹಳೆಯ ಟೂತ್‌ಬ್ರಷ್‌ನಲ್ಲಿ ಮಣ್ಣು ಕೊಡವಿ, ಸ್ಪ್ರಿಂಗಿಗೆ ಒಂದು ಹನಿ ವಿನಿಗರ್ ಮುಟ್ಟಿಸಿ ಉಜ್ಜಿ, ಚೆನ್ನಾಗಿ ಒರೆಸಿ ಒಣಗಿಸಿದೆವು. ಆಮೇಲೆ ತೆಳ್ಳಗೆ ವ್ಯಾಸಲೀನ್. ಅವತ್ತೇ ರಾತ್ರಿ ಹತ್ತಿತು. ಹೊಸದು ತರಬೇಕು ಎಂದು ಜನ ಎಸೆಯುವ ಎಷ್ಟೋ ಲೈಟುಗಳ ಕಾಯಿಲೆ ಇಷ್ಟೇ ಇರುತ್ತದೆ.

ಪ್ಯಾನೆಲ್ ಒರೆಸಲು ಬರೀ ನೀರು, ಹತ್ತಿಬಟ್ಟೆ. ಬೆಳಗ್ಗೆ ಹೊತ್ತು. ಪಾತ್ರೆ ತಿಕ್ಕುವ ನಾರು ಹಾಕಿದರೆ ಗೀರು ಬೀಳುತ್ತದೆ. ಪಾಚಿ ಕಟ್ಟಿದ್ದರೆ ಒದ್ದೆ ಬಟ್ಟೆ ಸ್ವಲ್ಪ ಹೊತ್ತು ಹಾಸಿಟ್ಟರೆ ಸಡಿಲವಾಗುತ್ತದೆ. ಕೊಳ್ಳುವಾಗಲೇ ಗಾಜಿನ ಪ್ಯಾನೆಲ್ ನೋಡಿ. ಪ್ಲಾಸ್ಟಿಕ್ ಹೊದಿಕೆಯದ್ದು ಬಿಸಿಲಿಗೆ ಬರಬರುತ್ತಾ ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಅದನ್ನು ಎಷ್ಟು ಒರೆಸಿದರೂ ಪ್ರಯೋಜನ ಇಲ್ಲ.

ಸೆಲ್ಲು ಬದಲಿಸುವಾಗ ಮಾತ್ರ ಅವಸರ ಬೇಡ. ಹಳೆಯದರ ಮೇಲೆ ಬರೆದದ್ದನ್ನು ಓದಿ. ಸಣ್ಣ ಲೈಟಿನಲ್ಲಿ ಸಾಮಾನ್ಯವಾಗಿ 1.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಇರುತ್ತದೆ. ಅದರ ಜಾಗಕ್ಕೆ ಟಾರ್ಚಿನ ಮಾಮೂಲಿ ಸೆಲ್ಲು ಹಾಕಬಾರದು. ಅದು ಚಾರ್ಜ್ ಆಗುವ ಜಾತಿಯೇ ಅಲ್ಲ, ಸೋರಿ ಲೈಟನ್ನೂ ಕೆಡಿಸುತ್ತದೆ. ದೊಡ್ಡ ಲೈಟಿನಲ್ಲಿ ಲಿಥಿಯಂ. ಅದರಲ್ಲೂ ಎರಡು ಬಗೆ: 3.7 ವೋಲ್ಟಿನ ಲಿಥಿಯಂ ಅಯಾನ್, 3.2 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್. ನೋಡಲು ಅಣ್ಣ ತಮ್ಮಂದಿರಂತೆ ಇದ್ದರೂ ಮೊದಲನೆಯದು 4.2 ವೋಲ್ಟಿನವರೆಗೆ ಚಾರ್ಜ್ ಆಗುತ್ತದೆ, ಎರಡನೆಯದು 3.65ಕ್ಕೇ ನಿಲ್ಲಬೇಕು. ಅದಲುಬದಲು ಮಾಡಿದರೆ ಸೆಲ್ಲು ಹಾಳು, ಕೆಲವೊಮ್ಮೆ ಅಪಾಯ. ನನಗೆ ಫಾಸ್ಫೇಟೇ ಇಷ್ಟ. ಬಾಳಿಕೆ ಜಾಸ್ತಿ.

ಬೆಳಕಿನ ಬಣ್ಣ ಹಳದಿಯದ್ದೇ ಇರಲಿ. ಬೆಳಕಿನ ಬಣ್ಣದ ಅಳತೆ ಕೆಲ್ವಿನ್; ಅದು 3000 ಅಥವಾ ಕಡಿಮೆ ಇರಲಿ. ಬಿಳಿ ಬೆಳಕಿಗೆ ಹುಳ ಜಾಸ್ತಿ ಮುತ್ತುತ್ತದೆ. ಮೊದಲ ಮಳೆಯ ರಾತ್ರಿ ರೆಕ್ಕೆಯ ಗೆದ್ದಲು ಏಳುವಾಗ ಇದು ಗೊತ್ತಾಗುತ್ತದೆ. ಮೇ ಕೊನೆಗೆ ತೋಟದಲ್ಲಿ ಮಿಣುಕುಹುಳ ತುಂಬಿದಾಗ ನಾನು ಎಲ್ಲ ಲೈಟುಗಳ ಸ್ವಿಚ್ಚು ಆಫ್ ಮಾಡುತ್ತೇನೆ. ಸ್ವಿಚ್ಚೇ ಇಲ್ಲದ ಲೈಟು ಮಾರುವವರಿಗೆ ಏನು ಹೇಳಬೇಕೋ ತಿಳಿಯದು.

ಇನ್ನು, ಸೋಲಾರ್ ಲೈಟಿಗೆ ಆನೆ ಹೆದರುತ್ತಾ ಅಂತ ಕೇಳುವವರಿದ್ದಾರೆ. ನಮ್ಮಲ್ಲಂತೂ ಇಲ್ಲ. ಹಲಸಿನ ಕಾಲದಲ್ಲಿ ಬಂದದ್ದು ಸೆನ್ಸರ್ ಲೈಟಿನ ಬೆಳಕಿನಲ್ಲೇ ನಿಧಾನವಾಗಿ ತಿಂದು ಹೋಗಿದೆ. ಆದರೆ ದೂರದ ಗೇಟಿನ ಲೈಟು ಹತ್ತಿದ್ದು ಕಂಡರೆ ನಾವು ಬಾಗಿಲು ತೆರೆಯುವುದಿಲ್ಲ, ಮೊದಲು ಕಿಟಕಿಯಿಂದ ನೋಡುತ್ತೇವೆ. ಅದಕ್ಕಾಗಿ ಆ ಲೈಟಿನ ಸೆಲ್ಲನ್ನು ಮಾತ್ರ ಕೆಡುವವರೆಗೆ ಕಾಯದೆ, ಮಂಕಾಗತೊಡಗಿದಾಗಲೇ ಬದಲಿಸುತ್ತೇನೆ.