ಕನ್ನಡ ಫೈಲುಗಳಿರುವ ಕಂಪ್ಯೂಟರಿಗೆ ನಾನು ಹಾಕಿಕೊಂಡಿರುವ ತಂತ್ರಾಂಶಗಳು

ಹಳೆಯ ವಿಂಡೋಸ್ ಕಂಪ್ಯೂಟರು ಕೈಗೆ ಬಂದರೆ ನಾನು ಮೊದಲು ತೆರೆಯುವುದು ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ. ಸ್ವಚ್ಛಗೊಳಿಸುವುದು, ವೇಗ ಹೆಚ್ಚಿಸುವುದು ಎಲ್ಲ ಆಮೇಲೆ. ಡಿಸ್ಕಿನ ಆರೋಗ್ಯ ಗೊತ್ತಿಲ್ಲದೆ ಅದರ ಮೇಲೆ ಬೇರೆ ಕೆಲಸಕ್ಕೆ ಕೈಹಾಕಿದರೆ ಇರುವ ಫೈಲುಗಳೂ ಹೋದಾವು. ಇದರ ಜಿಪ್ ಆವೃತ್ತಿಯನ್ನು ಬಿಚ್ಚಿ ಪೆನ್ ಡ್ರೈವಿನಲ್ಲಿ ಇಟ್ಟುಕೊಂಡು ಅಲ್ಲಿಂದಲೇ ಓಡಿಸುತ್ತೇನೆ. ಅನುಮಾನವಿರುವ ಡಿಸ್ಕಿನ ಮೇಲೆ ಹೊಸದಾಗಿ ಏನನ್ನೂ ಬರೆಯದಿರುವುದೇ ಕ್ಷೇಮ.

ನೀಲಿ ಬಂದರೆ ಚೆನ್ನಾಗಿದೆ, ಹಳದಿ ಬಂದರೆ ಎಚ್ಚರಿಕೆ, ಕೆಂಪು ಬಂದರೆ ಕೆಟ್ಟಿದೆ ಎಂದರ್ಥ. ಆದರೆ ಬಣ್ಣ ನೋಡಿ ನಿಲ್ಲಬಾರದು, ಕೆಳಗಿನ ಪಟ್ಟಿಯಲ್ಲಿ 05, ಸಿ5, ಸಿ6 ಎಂಬ ಮೂರು ಸಾಲುಗಳನ್ನು ಓದಬೇಕು. ಕೆಟ್ಟ ಜಾಗವನ್ನು ಬಿಟ್ಟು ಡಿಸ್ಕು ಎಷ್ಟು ಕಡೆ ಬದಲಿ ಜಾಗ ಹಿಡಿದಿದೆ ಎಂಬುದು 05. ಓದಲು ಆಗದೆ ತೀರ್ಮಾನಕ್ಕಾಗಿ ಕಾಯುತ್ತಿರುವ ಸೆಕ್ಟರುಗಳು, ಅಂದರೆ ಡಿಸ್ಕಿನ ಪುಟ್ಟ ಪುಟ್ಟ ತುಣುಕುಗಳು, ಸಿ5. ಸರಿಪಡಿಸಲು ಆಗದೇ ಹೋದವು ಸಿ6. ಮೂರೂ ಸೊನ್ನೆಯಿದ್ದರೆ ನಿರಾಳ. ಅಂಕಿಗಳು ಹೆಕ್ಸಾಡೆಸಿಮಲ್‌ನಲ್ಲಿ ಇರುತ್ತವೆ, ಅಲ್ಲಿ 10 ಎಂದರೆ ನಮ್ಮ 16. ಫಂಕ್ಷನ್ ಮೆನುವಿನಲ್ಲಿ ದಶಮಾಂಶಕ್ಕೆ ಬದಲಿಸಿಕೊಂಡರೆ ಗೊಂದಲವಿಲ್ಲ. ಸಿ7 ಒಂದೇ ಏರುತ್ತಿದ್ದರೆ ದೋಷ ಸಾಮಾನ್ಯವಾಗಿ ಡಿಸ್ಕಿನದಲ್ಲ, ಅದನ್ನು ಕಂಪ್ಯೂಟರಿಗೆ ಜೋಡಿಸುವ ಸಾಟಾ ಕೇಬಲ್ಲಿನದು. ಕೇಬಲ್ ಬದಲಿಸಿ ಒಂದು ವಾರ ಗಮನಿಸಿ.

ಸಿ5ರಲ್ಲಿ ಸೊನ್ನೆಗಿಂತ ಹೆಚ್ಚು ಕಂಡಾಗ ಹಲವರು ಮಾಡುವ ತಪ್ಪು, ಕೂಡಲೇ ವಿಂಡೋಸ್‌ನಲ್ಲೇ ಇರುವ ಡಿಸ್ಕ್ ರಿಪೇರಿ ಸಾಧನ ಚೆಕ್‌ಡಿಸ್ಕನ್ನು /r ಆಯ್ಕೆಯೊಡನೆ ಓಡಿಸುವುದು. ಸೋತಿರುವ ಡಿಸ್ಕಿನ ಪ್ರತಿ ಸೆಕ್ಟರನ್ನೂ ಅದು ಗಂಟೆಗಟ್ಟಲೆ ಓದಿಸುತ್ತದೆ, ಆ ದುಡಿಮೆಯಲ್ಲೇ ಡಿಸ್ಕು ಪೂರ್ತಿ ನಿಂತುಬಿಡಬಹುದು. ಮೊದಲು ಬೇಕಾದ ಫೋಲ್ಡರುಗಳನ್ನು ನಕಲು ಮಾಡಿಕೊಳ್ಳಿ, ರಿಪೇರಿ ಆಮೇಲೆ. ಎಸ್‌ಎಸ್‌ಡಿಗಳ ವಿಷಯ ಬೇರೆ: ಶೇಕಡಾ ಲೆಕ್ಕದಲ್ಲಿ ಆರೋಗ್ಯ ಚೆನ್ನಾಗಿಯೇ ತೋರಿಸುತ್ತಿದ್ದವೂ ಮುನ್ಸೂಚನೆಯಿಲ್ಲದೆ ಸುಮ್ಮನಾಗುವುದುಂಟು. ಆದ್ದರಿಂದ ಅಂಕಿ ಹೇಗೇ ಇರಲಿ, ನಕಲು ಬೇಕೇ ಬೇಕು.

ನಕಲಿಗೆ ನಾನು ಬಳಸುವುದು ಫ್ರೀಫೈಲ್‌ಸಿಂಕ್. ಎಡಗಡೆ ಮೂಲ ಫೋಲ್ಡರ್, ಬಲಗಡೆ ಹೊರಗಿನ ಡಿಸ್ಕು. ಮೊದಲು 'ಕಂಪೇರ್' ಒತ್ತಿ, ಏನು ಸೇರುತ್ತದೆ, ಏನು ಅಳಿಯುತ್ತದೆ ಎಂಬ ಲೆಕ್ಕವನ್ನು ಓದಿಕೊಂಡೇ 'ಸಿಂಕ್ರನೈಸ್' ಒತ್ತಬೇಕು. 'ಮಿರರ್' ಆರಿಸಿದರೆ ಬಲಗಡೆಯದು ಎಡಗಡೆಯ ಪಡಿಯಚ್ಚಾಗುತ್ತದೆ, ಅಂದರೆ ಎಡಗಡೆ ಇಲ್ಲದ್ದೆಲ್ಲ ಬಲಗಡೆಯೂ ಅಳಿಯುತ್ತದೆ. ಎಡಬಲ ಅದಲುಬದಲಾದರೆ ಖಾಲಿ ಫೋಲ್ಡರು ತುಂಬಿದ ಫೋಲ್ಡರನ್ನು ನುಂಗಿಬಿಡುತ್ತದೆ. ಅಳಿಯುವ ಫೈಲುಗಳ ಸಂಖ್ಯೆ ನಿರೀಕ್ಷೆಗಿಂತ ಹೆಚ್ಚು ಕಂಡರೆ ಅಲ್ಲೇ ನಿಲ್ಲಿಸಿ. ಎಫ್8 ಒತ್ತಿದಾಗ ತೆರೆಯುವ ಸೆಟ್ಟಿಂಗ್ಸ್‌ನಲ್ಲಿ, ಅಳಿಸುವ ವಿಧಾನಕ್ಕೆ 'ವರ್ಷನಿಂಗ್' ಆರಿಸಿ ಬೇರೊಂದು ಫೋಲ್ಡರ್ ತೋರಿಸಿದರೆ, ಬದಲಾದ ಮತ್ತು ಅಳಿದ ಫೈಲುಗಳ ಹಿಂದಿನ ರೂಪ ಅಲ್ಲಿ ಉಳಿಯುತ್ತದೆ. ಬರವಣಿಗೆಯ ಕೆಲಸಕ್ಕೆ ಇದಿಲ್ಲದೆ ಆಗದು: ಅರ್ಧ ಅಧ್ಯಾಯ ಕೈತಪ್ಪಿ ಅಳಿಸಿ ಸೇವ್ ಮಾಡಿದ್ದರೆ ಮಿರರ್ ಆ ತಪ್ಪನ್ನೂ ನಿಷ್ಠೆಯಿಂದ ನಕಲು ಮಾಡುತ್ತದೆ.

ಹೊರಗಿನ ಡಿಸ್ಕು ಎಫ್‌ಎಟಿ32ರಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲು ಅದರೊಳಗೆ ಹೋಗುವುದಿಲ್ಲ. ಎನ್‌ಟಿಎಫ್‌ಎಸ್ ಮಾಡಿಕೊಳ್ಳಿ. ನಕಲು ಮುಗಿದ ಮೇಲೆ ಐದಾರು ಫೈಲುಗಳನ್ನು ಬಲಗಡೆಯಿಂದಲೇ ತೆರೆದು ನೋಡಿ, ಡಿಸ್ಕನ್ನು ಬಿಚ್ಚಿ ಎತ್ತಿಡಿ. ಸದಾ ಸಿಕ್ಕಿಸಿಕೊಂಡೇ ಇರುವ ಡಿಸ್ಕಿಗೆ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಕೂಡ ಸುಲಭವಾಗಿ ತಲುಪುತ್ತದೆ.

ಜಾಗ ತುಂಬಿದೆ ಎನ್ನುವವರಿಗೆ ವಿಜ್‌ಟ್ರೀ ಸಾಕು. ಎನ್‌ಟಿಎಫ್‌ಎಸ್‌ನ ಫೈಲ್ ಪಟ್ಟಿಯನ್ನೇ ನೇರವಾಗಿ ಓದುವುದರಿಂದ ಇಡೀ ಡಿಸ್ಕಿನ ಲೆಕ್ಕವನ್ನು ಕೆಲವು ಸೆಕೆಂಡುಗಳಲ್ಲಿ ಮುಂದಿಡುತ್ತದೆ. ಮನೆಬಳಕೆಗೆ ಉಚಿತ, ಕಚೇರಿಗೆ ಪರವಾನಗಿ ಬೇಕು. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯನ್ನು ಗುಡಿಸುವ ಕ್ಲೀನರುಗಳನ್ನು ನಾನು ಹಾಕುವುದೇ ಇಲ್ಲ. ಅವುಗಳಿಂದ ವೇಗ ಹೆಚ್ಚುವುದಿಲ್ಲ, ತಪ್ಪಾದ ಒಂದು ಕೀ ಅಳಿದರೆ ಪ್ರೋಗ್ರಾಮುಗಳು ಕೈಕೊಡುತ್ತವೆ.

ಹುಡುಕಲು ಎವೆರಿಥಿಂಗ್. ಇದು ಫೈಲಿನ ಹೆಸರಿನಲ್ಲಿ ಹುಡುಕುತ್ತದೆ, ಕನ್ನಡ ಹೆಸರನ್ನೂ ಅಕ್ಷರ ಒತ್ತುತ್ತಿದ್ದಂತೆ ಹಿಡಿದು ತೋರಿಸುತ್ತದೆ. ಎಕ್ಸ್‌ಫ್ಯಾಟ್ ಇರುವ ಪೆನ್ ಡ್ರೈವ್ ತಾನಾಗಿ ಪಟ್ಟಿಗೆ ಬರುವುದಿಲ್ಲ. ಆಪ್ಷನ್ಸ್‌ನ ಇಂಡೆಕ್ಸ್ ವಿಭಾಗದಲ್ಲಿ ಆ ಫೋಲ್ಡರನ್ನು ನಾವೇ ಸೇರಿಸಬೇಕು. ಕನ್ನಡದಲ್ಲಿ ಎರಡು ತೊಡಕುಗಳಿವೆ. 'ಸಾಫ್ಟ್‌ವೇರ್' ಎಂದು ಬರೆಯುವಾಗ ಟ ಒತ್ತಿನ ಬಳಿಕ ಕಣ್ಣಿಗೆ ಕಾಣದ ಒಂದು ವಿಭಜಕ ಅಕ್ಷರ ಕೂರುತ್ತದೆ. ಒಬ್ಬರು ಅದನ್ನು ಹಾಕಿ, ಇನ್ನೊಬ್ಬರು ಹಾಕದೆ ಹೆಸರಿಟ್ಟರೆ ಹುಡುಕಾಟಕ್ಕೆ ಅವೆರಡೂ ಬೇರೆ ಬೇರೆ ಪದ. ಇನ್ನೊಂದು ಒತ್ವದ್ದು: 'ಕೊಡಗು' ಪದದ 'ಕೊ'ದಲ್ಲಿ ಸ್ವರಚಿಹ್ನೆ ಒಂದೇ ಕೋಡ್ ಆಗಿಯೂ ಇರಬಹುದು, ಎರಡು ಕೋಡ್‌ಗಳ ಜೋಡಿಯಾಗಿಯೂ ಇರಬಹುದು. ಹಳೆಯ ಮ್ಯಾಕ್‌ನಿಂದ ಬಂದ ಫೈಲುಗಳ ಹೆಸರಲ್ಲಿ ಜೋಡಿ ರೂಪವೇ ಹೆಚ್ಚು. ನೋಡಲು ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಅದಕ್ಕಾಗಿ ಕೊ, ಕೋ, ಒತ್ತುಗಳಿಲ್ಲದ ತುಣುಕನ್ನು, ಅಂದರೆ 'ಡಗು' ಎಂದಷ್ಟನ್ನೇ ಕೊಟ್ಟು ಹುಡುಕಿ, ಸಿಕ್ಕಿದ ಮೇಲೆ ಹೆಸರನ್ನು ಹೊಸದಾಗಿ ಟೈಪ್ ಮಾಡಿಬಿಡುತ್ತೇನೆ.

ನನಗೆ ಅತಿ ಹೆಚ್ಚು ಕೆಲಸಕ್ಕೆ ಬಂದಿರುವುದು ಪಠ್ಯ ತಿದ್ದುವ ನೋಟ್‌ಪ್ಯಾಡ್ ಪ್ಲಸ್ ಪ್ಲಸ್. ಕನ್ನಡ ಪಠ್ಯ ಕೆಟ್ಟು ಬಂದಾಗ ಹೇಗೆ ಕೆಟ್ಟಿದೆ ಎಂದು ಕಣ್ಣಿನಲ್ಲೇ ಗುರುತಿಸಬಹುದು. ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲಿದ್ದರೆ ಯಾರೋ ಅದನ್ನು ಕನ್ನಡ ಅಕ್ಷರಗಳಿಗೆ ಜಾಗವಿಲ್ಲದ ಆನ್ಸಿ ಎನ್‌ಕೋಡಿಂಗ್‌ನಲ್ಲಿ ಸೇವ್ ಮಾಡಿದ್ದಾರೆ. ಆ ಪ್ರತಿಯಲ್ಲಿ ಪಠ್ಯ ಉಳಿದಿಲ್ಲ, ಬೇರೆ ಪ್ರತಿ ಹುಡುಕಬೇಕು. ಚೌಕಗಳ ಸಾಲಿದ್ದರೆ ಫಾಂಟ್ ಇಲ್ಲ ಅಷ್ಟೆ. ತಲೆಯ ಮೇಲೆ ಗೀಟಿರುವ ಇಂಗ್ಲಿಷಿನ ಚಿಕ್ಕ ಎ, ಅದರ ಪಕ್ಕದಲ್ಲಿ ಮೇಲಕ್ಕೆ ಕೂತ ಪುಟ್ಟ 2 ಅಥವಾ 3, ಇವೇ ಮತ್ತೆ ಮತ್ತೆ ಬರುತ್ತಿದ್ದರೆ ಅದು ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿರುವ ಕನ್ನಡವನ್ನು ಆನ್ಸಿ ಎಂದು ತಪ್ಪಾಗಿ ಓದಿದ್ದು. ಎನ್‌ಕೋಡಿಂಗ್ ಮೆನುವಿನಲ್ಲಿ 'ಯುಟಿಎಫ್-8' ಆರಿಸಿದರೆ ಸರಿಹೋಗುತ್ತದೆ. ಅದರ ಕೆಳಗೇ ಇರುವ 'ಕನ್ವರ್ಟ್ ಟು ಯುಟಿಎಫ್-8' ಆರಿಸಬೇಡಿ. ಅದು ಕಾಣುತ್ತಿರುವ ಕಸವನ್ನೇ ಅಸಲಿ ಪಠ್ಯವೆಂದು ಸ್ಥಿರಪಡಿಸುತ್ತದೆ. ಎಕ್ಸೆಲ್‌ನಲ್ಲಿ ಸಿಎಸ್‌ವಿ ತೆರೆದಾಗಲೂ ಇದೇ ಕಸ ಕಾಣಿಸುತ್ತದೆ. ಅಲ್ಲಿ ಡಬಲ್ ಕ್ಲಿಕ್ ಮಾಡದೆ ಡೇಟಾ ಮೆನುವಿನಿಂದ ಒಳತಂದು, ಫೈಲ್ ಮೂಲಕ್ಕೆ 65001, ಅಂದರೆ ಯುಟಿಎಫ್-8, ಆರಿಸಬೇಕು.

ಇನ್ನು ದೊಡ್ಡ ಎ ಮೇಲೆ ಗೀಟು, ನಡುನಡುವೆ ಪೌಂಡಿನ ಚಿಹ್ನೆ ಕಂಡರೆ ಅದು ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ, ಯೂನಿಕೋಡ್ ಅಲ್ಲದ ಹಳೆಯ ಆಸ್ಕಿ ಪಠ್ಯ. ಅಲ್ಲಿ ದೊಡ್ಡ ಪಿ ಎಂದರೆ 'ಕ'ದ ಮೈ, ಆ ಗೀಟಿನ ಎ ಎಂದರೆ ತಲೆಕಟ್ಟು, ಎರಡೂ ಸೇರಿ 'ಕ'. ಪೌಂಡಿನ ಚಿಹ್ನೆ 'ನ'ದ ಮೈ. ಇಂಥ ಫೈಲಿನಲ್ಲಿ ಯೂನಿಕೋಡ್ ಕನ್ನಡ ಟೈಪ್ ಮಾಡಿ ಹುಡುಕಿದರೆ ಏನೂ ಸಿಗುವುದಿಲ್ಲ, ಏಕೆಂದರೆ ಒಳಗಿರುವುದು ಲ್ಯಾಟಿನ್ ಅಕ್ಷರಗಳು. ನುಡಿ, ಬರಹ ಎರಡರಲ್ಲೂ ಯೂನಿಕೋಡ್ ಪರಿವರ್ತಕವಿದೆ. ಪರಿವರ್ತಕ ಸರಿಯಿದೆಯೇ ಎಂದು ನೋಡಲು ಕರ್ನಾಟಕ, ಪಾರ್ಶ್ವ, ಸ್ವಾತಂತ್ರ್ಯ, ರಾಷ್ಟ್ರೀಯ, ಮೋಡ ಎಂಬ ಐದು ಪದಗಳಿರುವ ಪುಟವನ್ನು ಮೊದಲು ಹಾಯಿಸುತ್ತೇನೆ. ಆಸ್ಕಿಯಲ್ಲಿ ಅರ್ಕಾವತ್ತು ನಾ ಆದ ಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಈ ಸ್ಥಳಾಂತರ ಮಾಡದ ಪರಿವರ್ತಕ 'ಕನಾರ್ಟಕ' ಎಂದು ಕೊಡುತ್ತದೆ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತವೆ. ಮೂಲ ಫೈಲನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಅವನ್ನು ಕೈಯಿಂದಲೇ ಸೇರಿಸಬೇಕು. ಮೂಲವನ್ನಂತೂ ಅಳಿಸಲೇಬೇಡಿ.

ಅರ್ಕಾವತ್ತಿನ ಜಾಗದಲ್ಲಿ ಕನ್ನಡದ ಒಂಬತ್ತನ್ನು ಒತ್ತಿ 'ಕನಾ೯ಟಕ' ಎಂದು ಬರೆದ ಫೈಲುಗಳೂ ಬಹಳ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಕಂಟ್ರೋಲ್ ಎಚ್ ಒತ್ತಿ, ಕೆಳಗೆ 'ರೆಗ್ಯುಲರ್ ಎಕ್ಸ್‌ಪ್ರೆಶನ್' ಆರಿಸಿ, ಹುಡುಕುವ ಜಾಗಕ್ಕೆ ಇದನ್ನು ಕೊಡಿ:

((?:[ಕ-ಹ]್)*[ಕ-ಹ][ಾ-ೌ]*)೯

ಬದಲಿಗೆ ಇದು:

ರ್$1

ಮೊದಲ ಭಾಗ ಒತ್ತಕ್ಷರಗಳನ್ನೂ ಸೇರಿಸಿಕೊಂಡು ಇಡೀ ಅಕ್ಷರವನ್ನು ಹಿಡಿಯುತ್ತದೆ, ಹಾಗಾಗಿ 'ಪಾಶ್ವ೯' ಕೂಡ 'ಪಾರ್ಶ್ವ' ಆಗುತ್ತದೆ. '೧೯' ಎಂಬಂಥ ನಿಜವಾದ ಸಂಖ್ಯೆಯ ಹಿಂದೆ ವ್ಯಂಜನವಿರುವುದಿಲ್ಲ, ಅದು ಹಾಗೇ ಉಳಿಯುತ್ತದೆ. ಆದರೂ 'ರಿಪ್ಲೇಸ್ ಆಲ್' ಒತ್ತುವ ಮುನ್ನ ಹತ್ತು ಕಡೆ ಒಂದೊಂದಾಗಿ ಬದಲಿಸಿ ನೋಡಿ. 'ಪುಟ೯' ಎಂಬಂತೆ ನಡುವೆ ಜಾಗ ಬಿಡದೆ ಸಂಖ್ಯೆ ಬರೆದಿದ್ದರೆ ಅದು 'ಪುರ್ಟ' ಆಗಿಬಿಡುತ್ತದೆ.

ಕಾಗದದಲ್ಲಿ ಮಾತ್ರ ಇರುವುದನ್ನು ಹುಡುಕಬಲ್ಲ ಪಿಡಿಎಫ್ ಮಾಡಲು ನ್ಯಾಪ್ಸ್2. ಚಿತ್ರದಲ್ಲಿರುವ ಅಕ್ಷರಗಳನ್ನು ಪಠ್ಯವಾಗಿಸುವ ಓಸಿಆರ್ ಗುಂಡಿ ಒತ್ತಿ ಕನ್ನಡ ಭಾಷೆಯನ್ನು ಇಳಿಸಿಕೊಂಡರೆ ಟೆಸರಾಕ್ಟ್ ಎಂಜಿನ್ ಒಳಗಿನಿಂದ ಕೆಲಸ ಮಾಡುತ್ತದೆ. ಸ್ಕ್ಯಾನ್ 300 ಡಿಪಿಐ ಇರಲಿ, ಪುಟ ನೆಟ್ಟಗಿರಲಿ. ಸ್ಪಷ್ಟ ಮುದ್ರಣದಲ್ಲಿ ಫಲಿತಾಂಶ ಚೆನ್ನಾಗಿರುತ್ತದೆ. ಮೊಳೆ ಅಚ್ಚಿನ ಹಳೆಯ ಪುಸ್ತಕಗಳಲ್ಲಿ ದ ಮತ್ತು ಧ, ಬ ಮತ್ತು ಭ ಅದಲುಬದಲಾಗುತ್ತವೆ, ಏಕೆಂದರೆ ಮಹಾಪ್ರಾಣದ ಸೀಳು ಶಾಯಿಯಲ್ಲಿ ಮುಚ್ಚಿಹೋಗಿರುತ್ತದೆ. ಅನುಸ್ವಾರ ಸೊನ್ನೆಯಾಗುವುದೂ ಉಂಟು. ಹುಡುಕಾಟಕ್ಕೆ ಇಷ್ಟು ಸಾಕು, ಮರುಮುದ್ರಣಕ್ಕಾದರೆ ಪ್ರತಿ ಸಾಲಿನ ಕರಡು ತಿದ್ದಲೇಬೇಕು.

ಫೈಲುಗಳನ್ನು ಒಂದೇ ಕಟ್ಟಾಗಿ ಕಟ್ಟಿ ಕಳುಹಿಸಲು 7-ಜಿಪ್. ಪಾಸ್‌ವರ್ಡ್ ಇಡುವುದಾದರೆ 7ಜೆಡ್ ಮಾದರಿ ಆರಿಸಿ, ಫೈಲ್ ಹೆಸರುಗಳನ್ನೂ ಗೂಢಗೊಳಿಸುವ ಆಯ್ಕೆಗೆ ಗುರುತು ಹಾಕಿ. ಜಿಪ್ ಮಾದರಿಯಲ್ಲಿ ಪಾಸ್‌ವರ್ಡ್ ಇದ್ದರೂ ಒಳಗಿನ ಹೆಸರುಗಳು ಎಲ್ಲರಿಗೂ ಕಾಣುತ್ತವೆ. ಇದು ತಾನಾಗಿ ಅಪ್‌ಡೇಟ್ ಆಗುವುದಿಲ್ಲ. ಇಂಟರ್ನೆಟ್ಟಿನಿಂದ ಇಳಿಸಿದ ಫೈಲಿಗೆ ವಿಂಡೋಸ್ ಹಚ್ಚುವ ಎಚ್ಚರಿಕೆಯ ಗುರುತು, ಬಿಚ್ಚಿದ ಫೈಲಿಗೆ ದಾಟದೇ ಹೋಗುತ್ತಿದ್ದ ದೋಷವೊಂದನ್ನು 24.09 ಆವೃತ್ತಿಯಲ್ಲಿ ಸರಿಪಡಿಸಲಾಯಿತು. ಅದಕ್ಕೂ ಹಳೆಯದು ಇದ್ದರೆ ಇಂದೇ ಬದಲಿಸಿ. ತಿಂಗಳಿಗೊಮ್ಮೆ ಟರ್ಮಿನಲ್ ತೆರೆದು ವಿನ್‌ಗೆಟ್ ಅಪ್‌ಗ್ರೇಡ್ ಎಂಬೆರಡು ಪದಗಳನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಯಾವುದಕ್ಕೆ ಹೊಸ ಆವೃತ್ತಿ ಬಂದಿದೆ ಎಂಬ ಪಟ್ಟಿ ಬರುತ್ತದೆ.