ಇಕ್ಕಟ್ಟಿನಲ್ಲಿ ತೂತು ಕೊರೆಯಲು ಯಾವ ಸಾಮಾನು ಬೇಕು?

ಸಿಂಕಿನ ಕೆಳಗಿನ ಕಪಾಟು, ಎರಡು ಕಡಪಾ ಫಳಿಗಳ ನಡುವಿನ ಸಂದಿ, ಹಳೆಯ ಮಾಳಿಗೆ ಮನೆಯ ಜಂತಿಗಳ ನಡುವಿನ ಜಾಗ. ಇಂಥ ಕಡೆ ಡ್ರಿಲ್ ಮಷಿನ್ ನೆಟ್ಟಗೆ ನಿಲ್ಲುವುದಿಲ್ಲ. ಓರೆ ಹಿಡಿದು ಒತ್ತಿದರೆ ತೂತು ಅಗಲವಾಗಿ ಸ್ಕ್ರೂ ಹಿಡಿಯಲು ತೂರಿಸುವ ರಾವಲ್ ಪ್ಲಗ್ ಸಡಿಲಾಗುತ್ತದೆ. ಬಿಟ್, ಅಂದರೆ ಮಷಿನ್ ಬಾಯಿಗೆ ಹಾಕುವ ಕೊರೆಯುವ ಕಡ್ಡಿ, ತೆಳ್ಳಗಿದ್ದರೆ ಮುರಿದು ಒಳಗೇ ಉಳಿಯುತ್ತದೆ. ಆಗ ಬಹಳಷ್ಟು ಜನ ಹೊಸ ಮಷಿನ್ ಹುಡುಕಲು ಶುರುಮಾಡುತ್ತಾರೆ. ಮಷಿನ್ ಮಾತು ಕೊನೆಗಿರಲಿ. ಮೊದಲು ಬದಲಿಸಬೇಕಾದದ್ದು ಬಿಟ್.

ಟೇಪ್ ಹಿಡಿಯಿರಿ

ತೂತು ಬೀಳಬೇಕಾದ ಗುರುತಿನಿಂದ ಎದುರಿನ ಅಡ್ಡಿಯವರೆಗೆ ಎಷ್ಟು ಜಾಗವಿದೆ, ಅಳೆಯಿರಿ. ಆಮೇಲೆ ಬಿಟ್ ಹಾಕಿದ ಮಷಿನ್ ಅನ್ನು ನೆಲದ ಮೇಲಿಟ್ಟು ಮೊನೆಯಿಂದ ಹಿಂಬದಿಯವರೆಗೆ ಅಳೆಯಿರಿ. ಮನೆಗಳಲ್ಲಿ ಸಾಮಾನ್ಯವಾಗಿರುವ 13 ಮಿ.ಮೀ. ಚಕ್‌ನ (ಬಿಟ್ ಕಚ್ಚಿ ಹಿಡಿಯುವ ಬಾಯಿ) ವೈರ್ ಮಷಿನ್ ಬಿಟ್ ಸಮೇತ ಒಂದು ಅಡಿ ದಾಟುತ್ತದೆ. 12 ವೋಲ್ಟ್‌ನ ಸಣ್ಣ ಬ್ಯಾಟರಿ ಮಷಿನ್‌ಗೆ ಗಿಡ್ಡ ಬಿಟ್ ಹಾಕಿದರೆ 20 ಸೆಂ.ಮೀ. ಆಸುಪಾಸು ಸಾಕು. ನಿಮ್ಮಲ್ಲಿ ಕೊರತೆ ಎರಡು ಎರಡೂವರೆ ಸೆಂ.ಮೀ. ಅಷ್ಟೇ ಆಗಿದ್ದರೆ ಮಷಿನ್‌ಗೆ ದುಡ್ಡು ಹಾಕಬೇಕಾಗಿಯೇ ಇಲ್ಲ.

ಗಿಡ್ಡ ಬಿಟ್

ಮಾಮೂಲಿ 6 ಮಿ.ಮೀ. ಬಿಟ್‌ನ ಉದ್ದ 93 ಮಿ.ಮೀ. ಅದೇ ದಪ್ಪದ ಸ್ಟಬ್ ಬಿಟ್ 66 ಮಿ.ಮೀ. ಮಾತ್ರ. ಗಿಡ್ಡವಾದಷ್ಟೂ ಬಿಟ್ ಬಳುಕುವುದು ಕಡಿಮೆ, ಹಾಗಾಗಿ ಕಬ್ಬಿಣದ ತಗಡಿನ ಮೇಲೆ ಮೊನೆ ಜಾರುವುದೂ ಕಡಿಮೆ. ಅಂಗಡಿಯಲ್ಲಿ ಬರೀ “ಆರರ ಬಿಟ್ ಕೊಡ್ರಿ” ಅಂದರೆ ಉದ್ದದ್ದೇ ಕೈಗೆ ಬರುತ್ತದೆ. “ಸ್ಟಬ್ ಕೊಡ್ರಿ, ಗಿಡ್ಡಂದು” ಎಂದೇ ಕೇಳಿ.

ಸಿಗದಿದ್ದರೆ ಉದ್ದದ ಬಿಟ್ ಅನ್ನೇ ಗಿಡ್ಡ ಮಾಡಿಸಬಹುದು. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲೋ ನಿಮ್ಮೂರಿನ ಯಾವುದಾದರೂ ವೆಲ್ಡಿಂಗ್ ಅಂಗಡಿಯಲ್ಲೋ ಗ್ರೈಂಡರ್ ಇದ್ದೇ ಇರುತ್ತದೆ. ಚಕ್ ಹಿಡಿಯುವ ಬಾಲದ ಕಡೆಯಿಂದ ಒಂದೂವರೆ ಸೆಂ.ಮೀ. ಕತ್ತರಿಸಲು ಹೇಳಿ. ಮೊನೆಗೆ ಕೈ ಹಚ್ಚದ್ದರಿಂದ ಮತ್ತೆ ಸಾಣೆ ಹಿಡಿಯುವ ಗೋಜಿಲ್ಲ, ಚಕ್ ಹಿಡಿಯಲು ಎರಡು ಸೆಂ.ಮೀ. ಬಾಲವೂ ಉಳಿಯುತ್ತದೆ. ಮೊನೆಯೇ ಮುರಿದ ಬಿಟ್ ಆಗಿದ್ದರೆ 118 ಡಿಗ್ರಿ ಕೋನಕ್ಕೆ ಸಾಣೆ ಹಿಡಿಸಬೇಕು. ಅದು ಕೈ ಪಳಗಿದವರ ಕೆಲಸ. ಗೋಡೆ ಕೊರೆಯುವ ಕಾರ್ಬೈಡ್ ಮೊನೆಯ ಬಿಟ್ ಬೇರೆಯೇ ಜಾತಿ. ಅದನ್ನು ಕತ್ತರಿಸುವ ಬದಲು ಗಿಡ್ಡದನ್ನೇ ಕೊಳ್ಳಿ.

ಆರು ಮೂಲೆಯ ಬಾಲದ ಬಿಟ್‌ಗಳೂ ಬರುತ್ತವೆ. ಬಾಲದ ಅಳತೆ ಕಾಲು ಇಂಚು, ಅಂದರೆ 6.35 ಮಿ.ಮೀ. ಚಕ್ ಬಿಚ್ಚಲು ಬರುವ ಬ್ಯಾಟರಿ ಮಷಿನ್ ಇದ್ದರೆ ಇವನ್ನು ನೇರವಾಗಿ ಸಿಕ್ಕಿಸಬಹುದು. ಚಕ್ ತಿನ್ನುತ್ತಿದ್ದ ಜಾಗವೂ ಉಳಿಯಿತು.

ಬಿಟ್ ಗಿಡ್ಡವಾದರೂ ಸಾಲದಿದ್ದರೆ

ಆಗ ಕೋನದ ಹೆಡ್. ಮಷಿನ್‌ನ ಬಾಯಿಗೆ ಸಿಕ್ಕಿಸಿದರೆ ತಿರುಗುವಿಕೆಯನ್ನು 90 ಡಿಗ್ರಿ ಹೊರಳಿಸುತ್ತದೆ. ಮಷಿನ್ ಅಡ್ಡ ಮಲಗಿರುತ್ತದೆ, ಬಿಟ್ ನೆಟ್ಟಗಿರುತ್ತದೆ. ಬಿಟ್ ಸೇರಿ ಹತ್ತು ಹನ್ನೆರಡು ಸೆಂ.ಮೀ. ಸಂದಿ ಇದ್ದರೂ ಕೆಲಸ ಆಗುತ್ತದೆ. ಹಿಡಿಕೆ ಇರುವುದನ್ನೇ ಆರಿಸಿ, ಅದನ್ನು ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿಯಿರಿ. ಬಿಟ್ ಸಿಕ್ಕಿಕೊಂಡರೆ ಹೆಡ್ಡೇ ಗಿರಕ್ಕನೆ ತಿರುಗಿ ಬೆರಳಿಗೆ ಬಡಿಯುತ್ತದೆ. ಇಂಪ್ಯಾಕ್ಟ್ ಡ್ರೈವರ್‌ಗೆ (ಏಟು ಕೊಡುತ್ತ ಸ್ಕ್ರೂ ತಿರುಗಿಸುವ ಮಷಿನ್) ಹಾಕುವವರು ಅದಕ್ಕೆಂದೇ ಮಾಡಿದ ಹೆಡ್ ಕೊಳ್ಳಬೇಕು. ಅಗ್ಗದ್ದರ ಗೇರಿನ ಹಲ್ಲು ಆ ಏಟಿಗೆ ತಾಳುವುದಿಲ್ಲ.

ಬಳುಕುವ ಶಾಫ್ಟ್ ನೋಡಲು ಚೆಂದ, ಕೆಲಸಕ್ಕೆ ಅಷ್ಟಕ್ಕಷ್ಟೆ. ಸ್ಕ್ರೂ ತಿರುಗಿಸಲು, ಮೆತ್ತನೆ ಕಟ್ಟಿಗೆಯಲ್ಲಿ ಸಣ್ಣ ತೂತು ಹಾಕಲು ಆದೀತು. ಕಬ್ಬಿಣಕ್ಕೆ ಬೇಡ.

ಹುಟ್ಟಾ ಕೋನವಾಗಿರುವ ರೈಟ್ ಆ್ಯಂಗಲ್ ಡ್ರಿಲ್ ಬೇಕಾಗುವುದು ಜಂತಿಗಳಿಗೆ. ಗದಗ, ಧಾರವಾಡ ಸುತ್ತಿನ ಮಾಳಿಗೆ ಮನೆಗಳಲ್ಲಿ ಎಷ್ಟೋ ಕಡೆ ಎರಡು ಜಂತಿಗಳ ನಡುವೆ ಮೊಳದಷ್ಟೂ ಜಾಗವಿರುವುದಿಲ್ಲ. ಫ್ಯಾನಿನ ವೈರ್ ಒಯ್ಯಲು ನಾಲ್ಕಾರು ಜಂತಿ ಸಾಲಾಗಿ ಕೊರೆಯಬೇಕು, ಕಟ್ಟಿಗೆಯೋ ಹಳೆಯ ಸಾಗವಾನಿ. ಸಣ್ಣ ಹೆಡ್ ಇಲ್ಲಿ ದಣಿಯುತ್ತದೆ. ಚಪ್ಪಟೆ ಮೊನೆಯ ಗಿಡ್ಡ ಬಿಟ್ ಹಾಕಿ, ಒಳಗೆ ಹಳೆಯ ಮೊಳೆ ಇದ್ದೀತು ಎಂಬ ಎಚ್ಚರದಿಂದ ನಿಧಾನವಾಗಿ ಒತ್ತಿ. ತೂತು ಜಂತಿಯ ಎತ್ತರದ ನಟ್ಟನಡುವೆ ಇರಲಿ. ಮಾಳಿಗೆಯ ಮಣ್ಣಿನ ಭಾರಕ್ಕೆ ಜಂತಿಯ ಮೇಲಂಚು ಒತ್ತಿಕೊಳ್ಳುತ್ತದೆ, ಕೆಳಅಂಚು ಹಿಗ್ಗುತ್ತದೆ. ನಡುವೆ ಎಳೆತ ಕಡಿಮೆ. ಕೆಳಅಂಚಿಗೆ ಕೊರೆದರೆ ಅಲ್ಲಿಂದಲೇ ಸೀಳಬಹುದು. ವೈರಿನ ಪೈಪು ಹಿಡಿಸುವಷ್ಟೇ ತೂತು ಹಾಕಿ, ಅದಕ್ಕಿಂತ ದೊಡ್ಡದು ಬೇಡ. ಗೆದ್ದಲು ಹಿಡಿದ ಜಂತಿಯನ್ನು ಮುಟ್ಟಲೇಬೇಡಿ, ಮೊದಲು ಬಡಿಗೇರರನ್ನು ಕರೆಯಿಸಿ. ಈ ಮಷಿನ್ ವರ್ಷಕ್ಕೊಮ್ಮೆಯೂ ಬೇಕಾಗದ ಮನೆಗೆ ಬಾಡಿಗೆಯೇ ಲೇಸು.

ಕೊರೆಯುವ ಮುಂಚೆ

ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಗೋಡೆಯೊಳಗೆ ವೈರ್ ಇರುವ ಸಂಭವ ಹೆಚ್ಚು. ನಲ್ಲಿಯ ಸುತ್ತ ನೀರಿನ ಪೈಪು. ಎಂ.ಸಿ.ಬಿ. ಇಳಿಸಿ, ಬ್ಯಾಟರಿ ಮಷಿನ್ ಬಳಸಿ. ಬಿಟ್ ಅನ್ನು ಹೊರಗೇ ಬಿಗಿಮಾಡಿಕೊಳ್ಳಿ, ಸಂದಿಯೊಳಗೆ ಚಕ್ ಕೀ ತಿರುಗಿಸಲು ಕೈ ಆಡುವುದಿಲ್ಲ. ಮುಖ ತೂತಿನ ಹತ್ತಿರವೇ ಇರುವುದರಿಂದ ಕನ್ನಡಕ ಇಲ್ಲದೆ ಕೂಡದು.

ಕಡಪಾ ಫಳಿಗೆ, ಟೈಲ್ಸ್‌ಗೆ ಮಷಿನ್‌ನ ಹ್ಯಾಮರ್, ಅಂದರೆ ಬಡಿಯುತ್ತ ಕೊರೆಯುವುದನ್ನು, ಬಂದ್ ಮಾಡಿ. ಕಡಪಾ ಪದರ ಪದರವಾಗಿ ಒಡೆಯುತ್ತದೆ. ಗುರುತಿನ ಮೇಲೆ ಟೇಪ್ ಅಂಟಿಸಿ, ಕಾರ್ಬೈಡ್ ಅಥವಾ ಡೈಮಂಡ್ ಬಿಟ್ ಹಾಕಿ ನಿಧಾನ ವೇಗದಲ್ಲಿ ಶುರುಮಾಡಿ, ಒದ್ದೆ ಸ್ಪಂಜಿನಿಂದ ಆಗಾಗ ತಣಿಸುತ್ತಿರಿ.

ಕಾಂಕ್ರೀಟ್ ಬೀಮ್ ಮಾತ್ರ ಬೇರೆ ಲೆಕ್ಕ. ಹ್ಯಾಮರ್ ಏಟು ಮಾಮೂಲಿ ಕೋನದ ಹೆಡ್ ದಾಟಿ ಬಿಟ್‌ಗೆ ತಲುಪುವುದಿಲ್ಲ, ಬಲವಂತ ಮಾಡಿದರೆ ಗೇರ್ ಹಾಳು. ಇಟ್ಟಿಗೆ ಗೋಡೆಯಾದರೆ ಬರೀ ತಿರುಗಿಸಿಯೇ ತೂತು ಹಾಕಬಹುದು, ಬೀಮ್‌ಗೆ ಅದು ನಡೆಯದು. ಅಲ್ಲಿ ತೂತಿನ ಗುರುತನ್ನೇ ಒಂದು ಗೇಣು ಆಚೆ ಸರಿಸಿ, ನಿಮ್ಮ ದೊಡ್ಡ ಮಷಿನ್ ನೆಟ್ಟಗೆ ನಿಲ್ಲುವ ಕಡೆ ಕೊರೆದು, ಉದ್ದನೆಯ ಪಟ್ಟಿ ಕ್ಲ್ಯಾಂಪ್ ಹಾಕಿ ಸಾಮಾನು ಕೂರಿಸಿ.