ನಂತೂರಿನಲ್ಲಿ ನಡುಗುತ್ತಿದ್ದ ಕಾರು, ಕೊನೆಗೆ ಸಿಕ್ಕಿಬಿದ್ದ ಕಾಯಿಲ್

ಮಂಗಳೂರಿನ ನಂತೂರು ಜಂಕ್ಷನ್‌ನಲ್ಲಿ ಕಾರು ನಿಂತಾಗಲೆಲ್ಲ ಗಡಗಡ ನಡುಕ. ಕಪ್ ಹೋಲ್ಡರ್‌ನಲ್ಲಿದ್ದ ಚಿಲ್ಲರೆ ಕೂಡ ಸದ್ದು ಮಾಡುತ್ತಿತ್ತು. ಓಡುವಾಗ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ.

ಸರ್ವಿಸ್ ಸೆಂಟರ್‌ನವರು "ಪೆಟ್ರೋಲ್ ಸರಿಯಿಲ್ಲ ಸರ್, ಇದು ವಾರಂಟಿಗೆ ಬರುವುದಿಲ್ಲ" ಎಂದು ಎಂಜಿನ್‌ಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿ ಕ್ಲೀನ್ ಮಾಡಿ ಬಿಲ್ ಕೈಗಿಟ್ಟರು. ಎರಡೇ ದಿನ, ಮತ್ತೆ ಅದೇ ರಾಗ.

ಗೆಳೆಯನ ಹತ್ತಿರ ಕಾರಿನ ದೋಷದ ಕೋಡ್ ಓದುವ ಒಬಿಡಿ ಸ್ಕ್ಯಾನರ್ ಇತ್ತು. ಹಾಕಿದರೆ ಪಿ0302, ಅಂದರೆ ಎರಡನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್; ಅಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. "ಕಾಯಿಲ್ ಬದಲಿಸಿ ನೋಡುವ ಮಾರಾಯ" ಎಂದ. ಕಾಯಿಲ್ ಅಂದರೆ ಸ್ಪಾರ್ಕ್ ಪ್ಲಗ್‌ನಲ್ಲಿ ಕಿಡಿ ಹಾರಲು ಬೇಕಾದ ವಿದ್ಯುತ್ ಕೊಡುವ ಭಾಗ. ಎಂಜಿನ್ ತಣ್ಣಗಾದ ಮೇಲೆ ಎರಡನೇ ಮತ್ತು ಮೂರನೇ ಸಿಲಿಂಡರ್‌ಗಳ ಇಗ್ನಿಷನ್ ಕಾಯಿಲ್ ಅದಲುಬದಲು ಮಾಡಿದೆವು. ಕೋಡ್ ಅಳಿಸಿ ಪಂಪ್‌ವೆಲ್‌ವರೆಗೆ ಒಂದು ಸುತ್ತು. ಈಗ ಪಿ0303, ಅಂದರೆ ಮೂರನೇ ಸಿಲಿಂಡರ್! ತೊಂದರೆ ಕಾಯಿಲ್ ಜೊತೆಗೇ ಜಾಗ ಬದಲಿಸಿತ್ತು. ಪ್ಲಗ್ ಕೆಟ್ಟಿದ್ದರೆ ತೊಂದರೆ ಎರಡನೇ ಸಿಲಿಂಡರ್‌ನಲ್ಲೇ ಉಳಿಯುತ್ತಿತ್ತು, ಅಲ್ವಾ?

ನನ್ನ ವಾರಂಟಿ ಪುಸ್ತಕ ತೆಗೆದು ನೋಡಿದೆ. ಪ್ಲಗ್, ಫಿಲ್ಟರ್‌ನಂಥ ಸವೆಯುವ ಸಾಮಾನಿಗೆ ವಾರಂಟಿ ಇಲ್ಲ, ಕಾಯಿಲ್‌ಗೆ ಇದೆ. ಎರಡೂ ಕೋಡ್‌ಗಳ ಫೋಟೊ, ಹಳೆಯ ಸರ್ವಿಸ್ ಬಿಲ್‌ಗಳನ್ನು ಹಿಡಿದುಕೊಂಡು ಹೋದೆ. ದೂರನ್ನು ಸರ್ವಿಸ್ ಸೆಂಟರ್‌ನ ಕೆಲಸದ ಚೀಟಿಯಾದ ಜಾಬ್ ಕಾರ್ಡ್‌ನಲ್ಲೇ ಬರೆಸಿದೆ; ಸುಮ್ನೆ ಬಾಯಿಮಾತು ಲೆಕ್ಕಕ್ಕಿಲ್ಲ. ಅವರೂ ಪರೀಕ್ಷಿಸಿ ಹೊಸ ಕಾಯಿಲ್ ಪುಕ್ಕಟೆ ಹಾಕಿಕೊಟ್ಟರು. ಕ್ಲೀನಿಂಗ್ ದುಡ್ಡು ಮಾತ್ರ ವಾಪಸ್ ಬರಲಿಲ್ಲ.